ಕಿವಿಗೆ ರೆಪ್ಪೆಯಿಲ್ಲ

ಟಿವಿ ಕಾರ್ಯಕ್ರಮಗಳನ್ನು ಯಾವ ವಯಸ್ಸಿನವರು ನೋಡಬಹುದೆಂದು ಗುರುತು ಹಾಕುವುದು ನನ್ನ ಉದ್ಯೋಗ. ಏಳರ ಮೇಲೆ, ಹದಿಮೂರರ ಮೇಲೆ, ಹದಿನಾರರ ಮೇಲೆ, ದೊಡ್ಡವರಿಗೆ ಮಾತ್ರ ಎಂದು ತೆರೆಯ ಮೂಲೆಯಲ್ಲಿ ಕಾಣುತ್ತದಲ್ಲ, ಅದು. ರಕ್ತ ಒಂದು ಹನಿಯೂ ಇಲ್ಲವಲ್ಲ ಮೇಡಂ ಎಂದು ನಿರ್ಮಾಪಕರು ಗೋಗರೆಯುತ್ತಾರೆ. ನಾನು ಜಗ್ಗುವವಳಲ್ಲ. ನಮ್ಮಲ್ಲಿ ಪ್ರತಿ ಕಾರ್ಯಕ್ರಮವನ್ನೂ ಒಬ್ಬರು ತೆರೆಗೆ ಬೆನ್ನು ಹಾಕಿ ಬರೀ ಕೇಳಬೇಕು. ಮಕ್ಕಳು ಕಣ್ಣು ಮುಚ್ಚಿಕೊಳ್ಳಬಲ್ಲರು, ಕಿವಿಗೆ ರೆಪ್ಪೆಯಿಲ್ಲ. ಆ ಕೆಲಸ ಯಾವಾಗಲೂ ನನ್ನದೇ.

ಒಂದು ದಿನ ತಂಗಿ ಫೋನ್ ಮಾಡಿ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅವಳೂ ಗಂಡನೂ ಸಂಜೆ ನೋಡುವ ಧಾರಾವಾಹಿಗೆ ನಾನು ಏಳರ ಗುರುತು ಹಾಕಿದ್ದೆ. ಅದು ಬರುವ ಹೊತ್ತಿಗೆ ಎಂಟು ವರ್ಷದ ಮಗಳು ಪಕ್ಕದ ಕೋಣೆಯಲ್ಲಿ ಮಂಚದ ಕೆಳಗೆ ಸೇರಿಕೊಳ್ಳುತ್ತಾಳಂತೆ. ಊಟ ಬಿಟ್ಟು ಸೊರಗಿದ್ದಾಳಂತೆ. ಹದಿನಾರು ಹಾಕಬೇಕಿತ್ತು ನೀನು ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯಿತು. ಬೇಕರಿ ನಡೆಸುವ ಸಂಸಾರದ ಕಥೆ ಅದು. ಹೆದರಲು ಸೀದ ಬ್ರೆಡ್ಡು ಬಿಟ್ಟರೆ ಅದರಲ್ಲಿ ಏನೂ ಇಲ್ಲ.

ಮರುದಿನ ಸಂಜೆ ಅವರ ಮನೆಗೆ ಹೋದೆ. ನೀವು ಎಂದಿನಂತೆ ಟಿವಿ ನೋಡಿ ಎಂದು ಹೇಳಿ, ಮಗುವಿನ ಕೋಣೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ಧಾರಾವಾಹಿ ಶುರುವಾಯಿತು. ಮಗು ಆರಾಮಾಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿತ್ತು. ಸ್ವಲ್ಪ ಹೊತ್ತಿಗೆ ಆಚೆ ಯಾರೋ ಟಿವಿಯ ಸದ್ದು ಏರಿಸಿದರು. ಮಗು ಪೆನ್ಸಿಲ್ ಬಿಟ್ಟು ಮಂಚದ ಕೆಳಗೆ ನುಸುಳಿತು.

ನಾನು ಕಣ್ಣು ಮುಚ್ಚಿ ಆಲಿಸಿದೆ. ಬೇಕರಿಯವರ ನಗುವಿನ ಜೊತೆಗೆ ಇನ್ನೆರಡು ದನಿಗಳಿದ್ದವು, ಹಲ್ಲು ಕಚ್ಚಿ ಆಡುವ ಮಾತು. ಹೋಗೋದಾದ್ರೆ ಹೋಗು, ಮಗೂನ ನೀನೇ ಇಟ್ಕೋ ಎಂದಿದ್ದು ನನ್ನ ತಂಗಿ. ಟಿವಿ ಜೋರಾದರೆ ಜಗಳ ಯಾರಿಗೂ ಕೇಳಿಸದು ಎಂದು ಇಬ್ಬರೂ ನಂಬಿದ್ದರು.

ನಾನು ಮಂಚದ ಕೆಳಗೆ ಬಗ್ಗಿ ನೋಡಿದೆ.

"ಟಿವಿ ಜೋರು ಮಾಡಿದ್ರೆ ಭಯ ಆಗುತ್ತೆ ದೊಡ್ಡಮ್ಮ," ಎಂದಿತು ಮಗು. "ಇಬ್ರೂ ನನ್ನ ಬೇಡ ಅಂತಾರೆ."

ಕೋಪ ನೆತ್ತಿಗೇರಿತು. ಹೋಗಿ ಟಿವಿ ಆರಿಸಿದೆ. ತಂಗಿ ಮುಖ ಸರಿಮಾಡಿಕೊಂಡು, ಈಗಲಾದರೂ ಗುರುತು ಬದಲಾಯಿಸುತ್ತೀಯಾ ಎಂದು ಕೇಳಿದಳು.

"ಧಾರಾವಾಹಿಗೆ ಏಳೇ ಸರಿ," ಎಂದೆ. "ನೀವಿಬ್ರು ಆಡಿದ್ದಕ್ಕೆ ಹಾಕೋ ಗುರುತು ನನ್ನ ಹತ್ರ ಇಲ್ಲ. ಆ ಕಡೆ ಮಗೂಗೆ ಒಂದಕ್ಷರ ಬಿಡದೆ ಕೇಳಿಸುತ್ತೆ. ನೀನೇ ಇಟ್ಕೋ ಅಂದಿದ್ದೂ ಕೇಳಿಸಿದೆ."

ತಂಗಿ ಕೋಣೆಯ ಬಾಗಿಲವರೆಗೆ ಬಂದು ಅಲ್ಲೇ ನಿಂತಳು. ಅವಳ ಗಂಡ ಒಳಗೆ ಓಡಿ, ನೆಲದ ಮೇಲೆ ಮಲಗಿ ಮಂಚದ ಕೆಳಗೆ ಕೈ ಚಾಚಿದ. ಮಗು ಆ ಕೈಯನ್ನು ನೋಡಿತು, ಹಿಡಿಯಲಿಲ್ಲ.

"ಅಮ್ಮಾನೂ ಬರ್ಲಿ," ಎಂದಿತು.