ಗಿರಿಜೆಯ ಮರದ ರಾಶಿ

ಸ್ಟಾಕ್‌ಹೋಮ್ ಎಂಬ ಊರಿಗೆ ಹೋಗುತ್ತೇನೆಂದು ನಾನು ಹೇಳಿದಾಗ ಅರಳಗುಪ್ಪೆಯಲ್ಲಿ ನಗದೇ ಇದ್ದವರು ನಮ್ಮ ಯಜಮಾನರೊಬ್ಬರೇ. ಅವರು ಕಾಯಿ ಸುಲಿಯುತ್ತಿದ್ದರು, ತಲೆ ಎತ್ತಲಿಲ್ಲ. ಅವರ ಅಕ್ಕ ಕಲ್ಲಮ್ಮನಂತೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು.

"ಬಾಣಂತನ ತವರಲ್ಲಿ ಮಾಡ್ತಾರೆ ಕಣೇ ದ್ರಾಕ್ಷಾಯಣಿ. ತವರನ್ನೇ ಹೊತ್ಕೊಂಡು ಇಮಾನ ಹತ್ತಿದೋರ್ನ ನಾನು ಕಂಡಿಲ್ಲ."

"ಈಗ ಕಾಣ್ತೀರಾ ಬುಡಿ" ಎಂದೆ.

ನಮಗೆ ಒಬ್ಬಳೇ ಮಗಳು, ಗಿರಿಜಾಂಬಿಕಾ. ಬೆಂಗಳೂರಿನಲ್ಲಿ ನರ್ಸ್ ಓದಿ, ಸ್ಟಾಕ್‌ಹೋಮಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗಿ, ಎಂಬತ್ತನೇ ಇಸವಿಯಲ್ಲಿ ಅಲ್ಲಿನ ಬಡಗಿಯೊಬ್ಬನನ್ನು ಮದುವೆಯಾದಳು. ಆ ಕಾಗದ ಬಂದ ದಿನ ಯಜಮಾನರು ಬೀದಿಯಲ್ಲಿ ನಿಂತು, "ನಂಗೆ ಮಗಳಿಲ್ಲ" ಎಂದರು. ಅವರು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ "ನೀರು ಬತ್ತಿದೆ" ಎಂದರೆ ತಿಪಟೂರಿನ ಮಂಡಿಯವರು ಒಡೆದು ನೋಡುವುದಿಲ್ಲ. ಅಂಥ ಮಾತು ಅವರದು. ಹಾಗಾಗಿ ಊರು ನಂಬಿತು. ನಾನು ನಂಬಲಿಲ್ಲ, ನಾಲ್ಕು ವರ್ಷ ಸಿಟ್ಟಿನಲ್ಲಿ ಕುದ್ದೆ.

ಗಿರಿಜೆ ಮೂರು ತಿಂಗಳ ಬಸುರಿಯಾಗಿದ್ದಾಗ ಇನ್ನೊಂದು ಕಾಗದ ಬಂತು. ಜನವರಿಯಲ್ಲಿ ಹೆರಿಗೆಯಂತೆ. "ಎಷ್ಟೋ ಜನರ ಹೆರಿಗೆಗೆ ಧೈರ್ಯ ಹೇಳಿದೀನಿ ಅವ್ವ, ನಂದಕ್ಕೇ ಹೆದರಿಕೆ" ಎಂದು ಬರೆದಿದ್ದಳು. ಆ ಸಾಲು ಓದಿಯೂ ಮನೆಯಲ್ಲಿ ಕೂರುವ ತಾಯಿ ಇದ್ದರೆ ಇರಲಿ, ನಾನಂತೂ ಅಲ್ಲ. ಟಿಕೆಟ್ಟು ಅವಳೇ ಕಳಿಸುತ್ತಾಳೆ. ಬೊಂಬಾಯಿಯಲ್ಲಿ ಹತ್ತಬೇಕು, ಫ್ರಾಂಕ್‌ಫರ್ಟಿನಲ್ಲಿ ಇಳಿದು ಬೇರೆ ವಿಮಾನ ಹಿಡಿಯಬೇಕು.

ಅಭ್ಯಾಸವಾಗಲೆಂದು ಒಬ್ಬಳೇ ತಿಪಟೂರಿಗೆ ಹೋದೆ. ಯಾರನ್ನೂ ಕೇಳದೆ ಬೋರ್ಡು ಓದಿ, ಬಸ್ಸು ಬದಲಿಸಿ, ಚಿಕ್ಕನಾಯಕನಹಳ್ಳಿ ತಲುಪಿ ಒಂದು ಕುರಿ ಕಂಬಳಿ ಕೊಂಡೆ. ಬರುವಾಗ, ಅಲ್ಲಿನ ಚಳಿ ತಡೆಯಬಲ್ಲೆನೇ ನೋಡೋಣವೆಂದು, ಐಸ್‌ಕ್ಯಾಂಡಿ ಅಂಗಡಿಯಲ್ಲಿ ಮಂಜುಗಡ್ಡೆಯೊಂದನ್ನು ಕೈಯಲ್ಲಿ ಹಿಡಿದು ನೂರರವರೆಗೆ ಎಣಿಸಿದೆ. ಅಂಗಡಿಯವನು, "ಏನಮ್ಮಾ, ಹರಕೆನಾ?" ಎಂದ. ಹೌದಪ್ಪ ಎಂದೆ.

ಪಾಸ್‌ಪೋರ್ಟಿನ ಅರ್ಜಿಯಲ್ಲಿ ಹೋಗುವ ಕಾರಣ 'ಮಗಳ ಬಾಣಂತನ' ಎಂದು ಬರೆಸಿದ್ದೆ. ಅಕ್ಟೋಬರಿನಲ್ಲಿ ವಿಚಾರಣೆಗೆ ಪೇದೆಯೊಬ್ಬರು ಸೈಕಲ್ಲಿನಲ್ಲಿ ಬಂದು ಜಗಲಿಯ ಮೇಲೆ ಕೂತರು.

"ಮಲ್ಲಿಕಾರ್ಜುನಯ್ನೋರೇ, ನಿಮ್ಮ ಮಗಳು ಅಲ್ಲಿರೋದು ದಿಟವಾ?"

ಯಜಮಾನರಿಗಿಂತ ಮೊದಲೇ ಬಾಯಿ ಬಿಟ್ಟವರು ಕಲ್ಲಮ್ಮ. "ಅವ್ನಿಗೆ ಮಗಳೇ ಇಲ್ಲ, ಬರ್ಕೊಳಪ್ಪ. ಬೀದೀಲಿ ನಿಂತು ಹೇಳವ್ನೆ, ಊರೇ ಕೇಳೈತೆ."

ಪೇದೆಯ ಪೆನ್ನು ನಿಂತಿತು. "ಅಂಗಾದ್ರೆ ಅರ್ಜೀಲಿ ಬರ್ದಿರೋದು ಸುಳ್ಳಾ? ಸುಳ್ಳಾದ್ರೆ ಪಾಸ್‌ಪೋರ್ಟು ಸಿಗಕ್ಕಿಲ್ಲ ಕಣಮ್ಮ."

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮೈಯೆಲ್ಲ ಉರಿದುಹೋಯಿತು. ಗೋಡೆಗೊರಗಿಸಿದ್ದ ಏಣಿಯನ್ನು ತೋರಿಸಿ, "ಅಟ್ಟ ಹತ್ತಿ ಬನ್ನಿ" ಎಂದು ಪೇದೆಗೆ ಹೇಳಿ ನಾನೇ ಮುಂದೆ ಹತ್ತಿದೆ.

ನಮ್ಮ ಮನೆತನದಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ತೆಂಗಿನ ಸಸಿ ನೆಡುತ್ತಾರೆ. ಆ ಮರದ ಕಾಯಿ ಆ ಮಗುವಿನದು, ಕೊಬ್ಬರಿಯಾಗುವವರೆಗೆ ಅಟ್ಟದಲ್ಲಿ ಅದಕ್ಕೆ ಬೇರೆಯೇ ಜಾಗ. ಮಗು ಸತ್ತರೆ ಮಾತ್ರ ಆ ರಾಶಿಯನ್ನು ಉಳಿದ ಕಾಯಿಗಳೊಂದಿಗೆ ಬೆರೆಸುತ್ತಾರೆ.

ಅಟ್ಟದ ತುಂಬ ಕಾಯಿ. ಮೂಲೆಯಲ್ಲಿ ಅಡ್ಡ ಹಲಗೆಯ ಆಚೆಗೆ ಒಂದು ಪುಟ್ಟ ರಾಶಿ. ಅದರ ಮೇಲಿನ ತೊಲೆಯಲ್ಲಿ ಸುಣ್ಣದಿಂದ 'ಗಿರಿಜಾ' ಎಂದು ಬರೆದಿತ್ತು. ಸುಣ್ಣ ಹೊಸದು.

"ಆ ಅಕ್ಷರ ನಂದಲ್ಲ" ಎಂದೆ, ಕೆಳಗಿದ್ದವರಿಗೂ ಕೇಳುವಂತೆ. "ವರ್ಷವರ್ಷಾ ಅಟ್ಟ ಗುಡಿಸೋವಾಗ ನೋಡ್ತಾನೇ ಬಂದಿದೀನಿ. ಮಗಳಿಲ್ಲ ಅಂದೋರು ಈಗ ಬಂದು ಈ ರಾಶಿ ಬೆರೆಸ್ಬುಡ್ಲಿ. ಆಮೇಲೆ ಸುಳ್ಳು ಅಂತ ಬರ್ಕೊಳಿ."

ಏಣಿ ಕಿರುಗುಟ್ಟಿತು. ಯಜಮಾನರು ಮೇಲೆ ಬಂದು ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತರು. ಅವರ ಕೈ ಹಲಗೆಯ ಮೇಲೆ ಬಿತ್ತು. ಆಗ ನನಗೆ ನಿಜಕ್ಕೂ ಭಯವಾಯಿತು. ಹಟಕ್ಕೆ ಬಿದ್ದು ಹಲಗೆ ಕಿತ್ತೇಬಿಟ್ಟರೆ? ಗಿರಿಜೆ ಆ ಊರಿನಲ್ಲಿ ಒಬ್ಬಳೇ ಹೆರುತ್ತಾಳೆ, ನಾನೇ ಅದಕ್ಕೆ ದಾರಿ ಮಾಡಿಕೊಟ್ಟಂತಾಗುತ್ತದೆ.

ಅವರು ಒಂದು ಕಾಯಿ ಎತ್ತಿಕೊಂಡು ಕಿವಿಯ ಬಳಿ ಅಲ್ಲಾಡಿಸಿದರು. ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಎಂದಿತು.

"ಬರ್ಕೊಳಪ್ಪ" ಎಂದರು. "ಒಬ್ಳು ಮಗಳವ್ಳೆ. ಬಸುರಿ."

ಪೇದೆ ಅಲ್ಲೇ ನಿಂತು ಬರೆದುಕೊಂಡು ಇಳಿದುಹೋದರು. ಯಜಮಾನರು ಇಳಿಯಲಿಲ್ಲ. ಒಂದೊಂದೇ ಕಾಯಿ ಅಲ್ಲಾಡಿಸಿ, ಇನ್ನೂ ನೀರಾಡುವುದನ್ನು ರಾಶಿಗೇ ಹಾಕಿ, ಚೆನ್ನಾಗಿ ಒಣಗಿದ್ದನ್ನು ನನ್ನ ಮುಂದಿಟ್ಟರು.

"ಬಾಣಂತಿ ಉಂಡೆಗೆ ಇವು ಆಯ್ತವೆ. ನಾನು ಕೊಟ್ಟೆ ಅಂತ ಹೇಳ್ಬ್ಯಾಡ."

ನಾಲ್ಕು ವರ್ಷದ ಸಿಟ್ಟು ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಕಾಯಿಗಳನ್ನು ಸೆರಗಿಗೆ ತುಂಬಿಕೊಂಡೆ.

"ಹೇಳೇ ಹೇಳ್ತೀನಿ" ಎಂದೆ. "ಇಮಾನ ಇಳಿದ ತಕ್ಷಣ, ಹೊದ್ದ ಕಂಬಳಿ ತೆಗೆಯೋಕೆ ಮುಂಚೇನೇ ಹೇಳ್ತೀನಿ. ಬ್ಯಾಡ ಅನ್ನಂಗಿದ್ರೆ ನೀವೂ ಅರ್ಜಿ ಹಾಕಿ. ಅಲ್ಲಿಗೇ ಬಂದು ನನ್ನ ಬಾಯಿ ಮುಚ್ಚಿಸಿ."