ಮೇಲ್ಮಹಡಿಗೆ ಮೂರು ಲಕೋಟೆ

ವಿದ್ಯಾರ್ಥಿ ಸಂಘದಲ್ಲಿ ನನಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಖಾತೆ. ಹಾಸ್ಟೆಲಿನಲ್ಲಿ ಇಲ್ಲದವರು, ಅಂದರೆ ಬಾಡಿಗೆ ಕೋಣೆಗಳಲ್ಲಿ ಇರುವವರು ಮತ್ತು ನನ್ನ ಹಾಗೆ ದಿನವೂ ಎರಡು ಬಸ್ಸು ಬದಲಿಸಿ ಬಂದು ಹೋಗುವವರು, ಇವರೆಲ್ಲರ ಪ್ರತಿನಿಧಿ ನಾನು. ಕಾಲೇಜಿನ ಅರ್ಧಕ್ಕಿಂತ ಹೆಚ್ಚು ಜನ ನಾವೇ. ಆದರೂ ಸಂಘದ ಸಭೆ ಇಡುವುದು ಸಂಜೆ ಆರೂವರೆಗೆ, ನಮ್ಮ ಬಸ್ಸುಗಳೆಲ್ಲ ಹೊರಟ ಮೇಲೆ. ಯಾಕಪ್ಪಾ ಎಂದು ಕೇಳಿದರೆ ಅಧ್ಯಕ್ಷ, “ಆಗ ಎಲ್ಲರೂ ಫ್ರೀ ಇರ್ತಾರಲ್ಲ” ಎಂದ. ಎಲ್ಲರೂ ಅಂದರೆ ಹಾಸ್ಟೆಲಿನವರು. ಈ ಅಧ್ಯಕ್ಷನಿಗೆ ನಾವು ಇಟ್ಟ ಹೆಸರು ಭಾಷಣ. ಇಬ್ಬರು ಕೂತಿದ್ದರೆ ಅವನಿಗೆ ಅದು ಸಭೆ, ಮೂವರಿದ್ದರೆ ಸಮಾವೇಶ.

ನಮ್ಮವರು ಎಷ್ಟು ಜನ, ಎಲ್ಲೆಲ್ಲಿದ್ದಾರೆ ಎಂಬ ಪಟ್ಟಿಯೇ ಕಾಲೇಜಿನ ಆಫೀಸಿನಲ್ಲಿ ಇರಲಿಲ್ಲ. ಗುಮಾಸ್ತರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ವಿಳಾಸದ ಜಾಗದಲ್ಲಿ ಹಾಸ್ಟೆಲಿನವರಿಗೆಲ್ಲ ಕೋಣೆಯ ಸಂಖ್ಯೆ ಇತ್ತು. ನಮ್ಮ ಹೆಸರುಗಳ ಮುಂದೆ ಒಂದೇ ಪದ: ಇತರೆ. ನನಗೆ ಮೈ ಉರಿದು ಹೋಯಿತು. ಮೂರು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಪದವಿ ಓದಿದವಳು ನಾನು, ಕೊನೆಗೆ ಇತರೆ.

ಆ ಸಿಟ್ಟಿನಲ್ಲೇ ಒಂದು ಉದ್ದದ ನೋಟ್‌ಬುಕ್ಕಿಗೆ ಗೆರೆ ಹಾಕಿ, ಎರಡು ತಿಂಗಳು ಬೆಳಗ್ಗೆ ಕಾಲೇಜಿನ ಗೇಟಿನಲ್ಲಿ ನಿಂತೆ. ಒಬ್ಬೊಬ್ಬರನ್ನೇ ತಡೆದು ಹೆಸರು, ವಿಳಾಸ, ಏನು ತೊಂದರೆ ಎಂದು ಬರೆದುಕೊಂಡೆ. ಕೆಲವರು ನಾನು ಏನೋ ಮಾರಲು ನಿಂತಿದ್ದೇನೆ ಎಂದುಕೊಂಡು ದೂರದಿಂದಲೇ ಬೇಡ ಬೇಡ ಎಂದು ಕೈಯಾಡಿಸಿದರು. ಒಬ್ಬ ತೊಂದರೆಯ ಕಾಲಮ್ಮಿನಲ್ಲಿ “ದಿನಾ ನೀವು ಹೀಗೆ ತಡೆಯೋದು” ಎಂದು ಬರೆದು ಹೋದ.

ಹಾಗೆ ತಡೆದವರಲ್ಲಿ ಒಬ್ಬಳು ಎರಡನೇ ವರ್ಷದ ಹುಡುಗಿ. ಕಿವಿ ಹತ್ತಿರ ತಂದರೂ ಕೇಳಿಸದಷ್ಟು ಮೆಲ್ಲಗೆ ಮಾತಾಡುತ್ತಿದ್ದುದರಿಂದ ಅವಳನ್ನು ಎಲ್ಲರೂ ಪಿಸು ಎನ್ನುತ್ತಿದ್ದರು. ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಬೇಕರಿಯ ಕೌಂಟರಿನಲ್ಲಿ ನಿಂತು, ಆಮೇಲೆ ತರಗತಿಗೆ ಓಡಿ ಬರುವವಳು. ಅವಳ ಓದು ನಡೆಯುತ್ತಿದ್ದುದೇ ಆ ಕೆಲಸದಿಂದ. ಹೆಸರು ಹೇಳಿದಳು. ವಿಳಾಸ ಕೇಳಿದಾಗ ಮಾತ್ರ ಹಿಂದೆಮುಂದೆ ನೋಡಿದಳು.

“ಬರೀಲೇಬೇಕಾ ಅಕ್ಕ?”

“ಬರೀದೆ ಇದ್ರೆ ನೀನು ಯಾರ ಲೆಕ್ಕಕ್ಕೂ ಇಲ್ಲದ ಹಾಗೆ ಆಗ್ತೀಯ.”

“ಲೆಕ್ಕಕ್ಕೆ ಇಲ್ಲದೆ ಇದ್ರೇನೇ ಒಳ್ಳೇದು” ಎಂದು ನಕ್ಕಳು. ನಾನು ತಮಾಷೆ ಎಂದುಕೊಂಡೆ. ಹಠ ಹಿಡಿದು, ನಮ್ಮಂಥವರು ಹೀಗೆ ಬಾಯಿ ಮುಚ್ಚಿಕೊಂಡು ಇರುವುದರಿಂದಲೇ ಈ ಗತಿ ಎಂದು ಒಂದು ಸಣ್ಣ ಉಪದೇಶ ಕೊಟ್ಟು, ವಿಳಾಸ ಬರೆಸಿಕೊಂಡೇ ಬಿಟ್ಟೆ. ಒಂದು ಮನೆಯ ಮೇಲ್ಮಹಡಿ, ಕಾಲೇಜಿನಿಂದ ಹತ್ತು ನಿಮಿಷದ ದಾರಿ, ಬೇಕರಿಯಿಂದ ನಾಲ್ಕು. ಅದೇ ವಿಳಾಸ ಕೊಟ್ಟವರು ಆಗಲೇ ಇಬ್ಬರಿದ್ದರು.

ನೋಟ್‌ಬುಕ್ಕು ತುಂಬಿತು. ಇನ್ನೂರ ಹನ್ನೊಂದು ಜನ. ಸಭೆಯ ಸಮಯ ಬದಲಿಸಿ, ಊಟದ ಡಬ್ಬಿ ಬಿಚ್ಚಲು ಒಂದು ಕೋಣೆ ಕೊಡಿ, ಚೀಲ ಇಡಲು ಬೀರು ಕೊಡಿ ಎಂದು ನಮ್ಮವರು ಹೇಳಿದ್ದನ್ನೆಲ್ಲ ಸಂಘದ ಮುಂದೆ ಓದಿದೆ. ಭಾಷಣ ಗಂಭೀರವಾಗಿ ತಲೆದೂಗಿ, “ಮೊದಲು ಅವರಿಗೆ ನಾವಿದ್ದೀವಿ ಅಂತ ಗೊತ್ತಾಗ್ಬೇಕು” ಎಂದು ತೀರ್ಮಾನಿಸಿದ. ಹೋದ ವರ್ಷದ ಲಕೋಟೆಗಳು ಕಟ್ಟುಗಟ್ಟಲೆ ಉಳಿದಿದ್ದವಂತೆ, ಸಂಘದ ಮುದ್ರೆ ಇರುವ ಒಳ್ಳೆಯ ದಪ್ಪ ಲಕೋಟೆಗಳು. ಎಲ್ಲರಿಗೂ ಒಂದು ಕಾಗದ ಕಳಿಸುವುದು, ಅಂಚೆ ಡಬ್ಬಿಗೆ ಹಾಕುವಾಗ ಫೋಟೋ ತೆಗೆಯುವುದು. ಬೇಡಿಕೆಗಳನ್ನು ಮುಂದಿನ ಸಲ ನೋಡೋಣ ಎಂದರು.

ನಾನು ಹಲ್ಲು ಕಚ್ಚಿಕೊಂಡೆ. ಏನೂ ಇಲ್ಲದಿದ್ದರೆ ಕಾಗದವಾದರೂ ಹೋಗಲಿ ಎಂದು ಒಪ್ಪಿದೆ. “ಮನೆಗೊಂದು ಹಾಕಿದ್ರೆ ಸಾಕು, ಅಲ್ಲಿರೋರೆಲ್ಲ ಓದ್ಕೋತಾರೆ” ಎಂದ ಭಾಷಣ. ಅಲ್ಲಿ ನಾನು ಎದ್ದು ನಿಂತೆ. ಇತರೆ ಎಂದು ಕರೆಸಿಕೊಂಡ ಸಂಕಟವೆಲ್ಲ ಹೊರಗೆ ಬಂತು. ಹೆಸರಿಲ್ಲದೆ ಹೋದರೆ ಅದಕ್ಕೂ ಜಾಹೀರಾತಿಗೂ ಏನು ವ್ಯತ್ಯಾಸ, ಒಬ್ಬೊಬ್ಬರಿಗೂ ಅವರವರ ಹೆಸರಿನಲ್ಲೇ ಹೋಗಬೇಕು ಎಂದು ಮೇಜು ಗುದ್ದಿ ವಾದ ಮಾಡಿದೆ. ಅರ್ಧ ಗಂಟೆ ಆದ ಮೇಲೆ ಅವನು ಸುಸ್ತಾಗಿ, “ಆಯ್ತು ಮಾರಾಯ್ತಿ, ನೀನೇ ಬರಿ” ಎಂದ. ಇಡೀ ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ. ಇನ್ನೂರ ಹನ್ನೊಂದು ವಿಳಾಸಗಳನ್ನು ದುಂಡಗಿನ ಅಕ್ಷರದಲ್ಲಿ ನಾನೇ ಬರೆದೆ. ಒಳಗಿದ್ದ ಕಾಗದದಲ್ಲಿ “ನೀವು ಎಲ್ಲಿದ್ದರೂ ಸಂಘ ನಿಮ್ಮೊಂದಿಗಿದೆ” ಎಂದಿತ್ತು.

ನಾಲ್ಕು ದಿನ ಕಳೆದು ಪಿಸುವಿನ ಕೋಣೆಯ ಉದ್ದ ಜಡೆಯವಳು ಕ್ಯಾಂಟೀನಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದಳು. “ಅಕ್ಕ, ಲಕೋಟೆ ಮೇಲೆ ಬರೆದೋರು ಯಾರು?”

“ನಾನೇ” ಎಂದೆ, ಹೆಮ್ಮೆಯಿಂದಲೇ.

ಅವಳು ಕೂರಲಿಲ್ಲ. ನಿಂತೇ ಹೇಳಿದಳು. ಆ ಕೋಣೆಯನ್ನು ಮನೆ ಯಜಮಾನರು ಕೊಟ್ಟದ್ದು ಇಬ್ಬರಿಗೆ. ಪಿಸು ಮೂರನೆಯವಳು. ಎಂಟು ತಿಂಗಳಿಂದ ಮೂವರೂ ಒಟ್ಟಿಗೆ ಮೆಟ್ಟಿಲು ಹತ್ತಿಲ್ಲ. ಪಿಸುವಿನ ಚಪ್ಪಲಿ ಬಾಗಿಲ ಹೊರಗೆ ಇಟ್ಟಿಲ್ಲ, ಬಟ್ಟೆ ಹೊರಗಿನ ಹಗ್ಗದಲ್ಲಿ ಒಣಗಿಲ್ಲ. ಕೆಳಗೆ ಮೂರನೇ ದನಿ ಕೇಳಿಸಬಾರದೆಂದು ಅವಳು ಮೆಲ್ಲಗೆ ಮಾತಾಡಿ ಮಾತಾಡಿ ಅದೇ ಅಭ್ಯಾಸವಾಗಿ ಹೋಗಿದೆ. ಮನೆಯ ಅಂಚೆಯನ್ನೆಲ್ಲ ತೆಗೆದುಕೊಳ್ಳುವುದು ಯಜಮಾನರು. ಮೇಲ್ಮಹಡಿಗೆ ಎಂದು ಮೂರು ಲಕೋಟೆ, ಮೂರು ಹೆಸರು. ಭಾನುವಾರದೊಳಗೆ ಮೂರನೆಯವಳು ಖಾಲಿ ಮಾಡಬೇಕು, ಇಲ್ಲವಾದರೆ ಮೂವರೂ. ಪರೀಕ್ಷೆಗೆ ಇದ್ದದ್ದು ಐದು ವಾರ.

ಲೋಟ ಅಲ್ಲೇ ಬಿಟ್ಟು ಎದ್ದೆ. ಅವತ್ತೇ ಆ ಮನೆಗೆ ಹೋದೆ. ಯಜಮಾನರು ತೂಕ ಮತ್ತು ಅಳತೆ ಇಲಾಖೆಯಲ್ಲಿದ್ದು ನಿವೃತ್ತರಾದವರು. ಕೂಗಾಡುತ್ತಾರೆ ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಅವರು ಕುರ್ಚಿ ಎಳೆದು ಕೂರಿಸಿದರು.

“ನೋಡಮ್ಮ, ಟ್ಯಾಂಕಿನ ನೀರು ಬೇಗ ಖಾಲಿಯಾಗ್ತಿತ್ತು. ಎಲ್ಲೋ ಸೋರ್ತಿದೆ ಅಂತ ಪ್ಲಂಬರನ್ನ ಎರಡು ಸಲ ಕರೆಸಿದೆ. ಅವನು ಅರ್ಧ ಗೋಡೆ ಒಡೆದು ಹೋದ. ನಿಮ್ಮ ಕಾಗದ ಬರದೆ ಇದ್ದಿದ್ರೆ ಇನ್ನರ್ಧಾನೂ ಒಡೆಸ್ತಿದ್ದೆ. ನಿಮ್ಮ ಸಂಘ ಒಳ್ಳೆ ಕೆಲಸ ಮಾಡ್ತಿದೆ.”

ಆ ಕಾಗದಕ್ಕೆ ನಮಗೆ ಸಿಕ್ಕ ಮೆಚ್ಚುಗೆ ಅದೊಂದೇ. ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದು ಬೇಡಿಕೊಂಡೆ. “ನನ್ನ ತಲೆ ಮೇಲೇ ಎಂಟು ತಿಂಗಳು ಓಡಾಡಿದ್ದಾರೆ. ಕೇಳಿದ್ರೆ ಬೇಡ ಅಂತಿದ್ನೋ ಏನೋ, ಕೇಳಲೂ ಇಲ್ಲವಲ್ಲ” ಎಂದರು. ಅವರಿಗೂ ನೋವಾಗಿತ್ತು. ಅದು ಕಾಣುತ್ತಿದ್ದುದರಿಂದ ನನಗೆ ಜಗಳವಾಡಲೂ ಆಗಲಿಲ್ಲ.

ಮೇಲೆ ಹೋದರೆ ಪಿಸು ಪುಸ್ತಕಗಳನ್ನು ಬೇಕರಿಯ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ನಮ್ಮ ಮನೆಗೆ ಬಂದುಬಿಡು, ಅಮ್ಮನಿಗೆ ಫೋನ್ ಮಾಡಿದ್ದೇನೆ, ನನ್ನ ಪಕ್ಕದಲ್ಲೇ ಹಾಸಿಗೆ ಹಾಸಿದರಾಯಿತು ಎಂದೆ.

“ನಿಮ್ಮ ಕಡೆಯಿಂದ ಮೊದಲನೇ ಬಸ್ಸು ಎಷ್ಟೊತ್ತಿಗೆ ಅಕ್ಕ?”

“ಆರಕ್ಕೆ ಹೊರಡುತ್ತೆ.”

“ಆರಕ್ಕೆ ನಾನು ಕೌಂಟರಲ್ಲಿ ಇರ್ಬೇಕು” ಎಂದು ಡಬ್ಬದ ಬಾಯಿ ಮಡಚಿದಳು.

ಮಾರನೆಯ ದಿನ ಹಾಸ್ಟೆಲ್ ವಾರ್ಡನ್ ಹತ್ತಿರ ಹೋದೆ. ಅತಿಥಿ ಕೋಣೆ ಖಾಲಿ ಇತ್ತು, ಕಿಟಕಿಯಿಂದ ಕಾಣುತ್ತಿತ್ತು, ಮಂಚದ ಮೇಲೆ ಹಾಸಿಗೆ ಸುರುಳಿ ಸುತ್ತಿ ಇಟ್ಟಿತ್ತು. ಅದು ಹೊರಗಿನ ಅತಿಥಿಗಳಿಗೆ ಮಾತ್ರ, ಈ ಹುಡುಗಿ ನಮ್ಮದೇ ವಿದ್ಯಾರ್ಥಿನಿ, ಹಾಗಾಗಿ ಕೊಡುವಂತಿಲ್ಲ ಎಂದರು. ವಿದ್ಯಾರ್ಥಿನಿ ಎಂದೇ ಕೊಡಿ ಎಂದರೆ, ಆ ಹಂಚಿಕೆ ವರ್ಷದ ಮೊದಲಿಗೇ ಮುಗಿದಿದೆ.

“ಹಾಗಾದ್ರೆ ಅವಳು ಒಳಗಿನವಳಾ, ಹೊರಗಿನವಳಾ ಮೇಡಂ?”

“ಅದನ್ನ ನಿಮ್ಮ ಸಂಘದವರು ತೀರ್ಮಾನ ಮಾಡ್ಕೊಂಡು ಬರೆದು ಕೊಡಿ, ಮುಂದಿನ ತಿಂಗಳ ಸಭೆಯಲ್ಲಿ ಇಡ್ತೀನಿ.”

ಸಂಘಕ್ಕೆ ಓಡಿದೆ. ಭಾಷಣ ಅಂಚೆ ಡಬ್ಬಿಯ ಫೋಟೋಗಳನ್ನು ಫಲಕಕ್ಕೆ ಅಂಟಿಸುತ್ತಿದ್ದ. ಎಲ್ಲ ಕೇಳಿ, “ಇದನ್ನ ದೊಡ್ಡ ವಿಷಯ ಮಾಡೋಣ, ಅವಳನ್ನ ವೇದಿಕೆ ಮೇಲೆ ಮಾತಾಡ್ಸೋಣ” ಎಂದ. ನನಗೆ ತಲೆ ಕೆಟ್ಟು ಹೋಯಿತು. ನಿನಗೆ ಎಲ್ಲದರಲ್ಲೂ ವೇದಿಕೆಯೇ ಕಾಣುತ್ತದೆ, ಆ ಹುಡುಗಿಗೆ ಬೇಕಾಗಿರುವುದು ಮಲಗಲು ಒಂದು ಮಂಚ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಅಂಟಿನ ಕೈ ಒರೆಸಿಕೊಂಡು, ಕೋಪವಿಲ್ಲದೆ, “ಮನೆಗೊಂದು ಲಕೋಟೆ ಸಾಕು ಅಂತ ನಾನು ಹೇಳಿದ್ದೆ” ಎಂದ. ಅವನು ಸೋಮಾರಿತನದಿಂದ ಹೇಳಿದ್ದು. ಆದರೂ ಅವನು ಹೇಳಿದ ಹಾಗೆ ಮಾಡಿದ್ದರೆ ಅವಳು ಆ ಕೋಣೆ ಬಿಡಬೇಕಾಗುತ್ತಿರಲಿಲ್ಲ.

ಭಾನುವಾರ ಅವಳು ಖಾಲಿ ಮಾಡಿದಳು. ಎಲ್ಲಿಗೆ ಎಂದು ಉದ್ದ ಜಡೆಯವಳಿಗೂ ತಿಳಿದಿರಲಿಲ್ಲ, ಅಥವಾ ತಿಳಿದೂ ನನಗೆ ಹೇಳಲಿಲ್ಲ. ಬುಧವಾರ ನಾನು ಮೊದಲನೇ ಬಸ್ಸಿಗೇ ಬಂದು ಬೇಕರಿಗೆ ಹೋದೆ. ಪಿಸು ಅಲ್ಲೇ ಇದ್ದಳು, ತಲೆಗೆ ಬಿಳಿ ಟೋಪಿ, ಬ್ರೆಡ್ಡನ್ನು ಹೋಳು ಮಾಡುವ ಯಂತ್ರದಿಂದ ತೆಗೆದು ಚೀಲಕ್ಕೆ ತುಂಬುತ್ತಿದ್ದಳು. ಕಣ್ಣು ಊದಿಕೊಂಡಿತ್ತು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ನಕ್ಕಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಕ್ಲಾಸಿಗೆ ಬರ್ತಿಲ್ಲವಂತೆ?”

“ಸ್ವಲ್ಪ ದೂರ ಆಯ್ತು ಅಕ್ಕ. ಬಸ್ಸಿನ ಖರ್ಚಿಗೆ ಅಂತ ಇಲ್ಲೇ ಹನ್ನೆರಡರವರೆಗೆ ನಿಲ್ತೀನಿ. ಮಧ್ಯಾಹ್ನದ ಕ್ಲಾಸಿಗೆ ಬರ್ತೀನಿ.”

“ಎಲ್ಲಿದ್ದೀಯ ಈಗ?”

“ಇದ್ದೀನಿ, ಒಂದ್ಕಡೆ.”

“ಒಂದ್ಕಡೆ ಅಂದ್ರೆ ಎಲ್ಲಿ? ಹೇಳು, ಏನಾದ್ರೂ ಮಾಡೋಣ.”

ಅವಳು ಚೀಲದ ಬಾಯಿಗೆ ದಾರ ಸುತ್ತಿ ಗಂಟು ಹಾಕಿದಳು. “ಬೇಜಾರು ಮಾಡ್ಕೋಬೇಡಿ ಅಕ್ಕ, ನಾನು ಹೇಳಲ್ಲ. ಹೇಳಿದ್ರೆ ನೀವು ಒಳ್ಳೇದು ಮಾಡೋಕೆ ಬರ್ತೀರ.”

ನನ್ನ ಹಿಂದೆ ನಿಂತಿದ್ದವರು ಚಿಲ್ಲರೆ ಹಿಡಿದು ಕಾಯುತ್ತಿದ್ದರು. ನಾನು ಪಕ್ಕಕ್ಕೆ ಸರಿದು ಅವರಿಗೆ ಜಾಗ ಬಿಟ್ಟೆ.