ಸೊನ್ನೆಯಿಂದ ಭಾಗಿಸಿದರೆ

ಮಜ್ಜಿಗೆಯ ಮೇಲೆ ಕೊತ್ತಂಬರಿ ಎಲೆಯೊಂದು ತೇಲುತ್ತಿದೆ, ಊದಿದರೆ ಆಚೆ ಹೋಗಿ ಮತ್ತೆ ತುಟಿಗೇ ಬರುತ್ತದೆ, ಕುಡೀರಿ ಮಾಸ್ತರ, ಮೂಡಲಗಿಯಿಂದ ಬಿಸಲಾಗ ನಡಕೋತ ಬಂದೀರಿ ಅನ್ನುತ್ತಾನೆ ಕರೆಪ್ಪ, ಈ ಮಸಗುಪ್ಪಿಯಲ್ಲಿ ಮಗಳನ್ನು ಏಳನೆಯ ಇಯತ್ತೆಯ ತನಕ ಓದಿಸಿದವನು ಇವನೊಬ್ಬನೇ, ಇವನಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಹೊಸ್ತಿಲಲ್ಲೇ ಹೇಳಿಬಿಟ್ಟೆ — ಉದ್ದವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯಲ್ಲಿ ನಾಪಾಸು, ಗಣಿತದಲ್ಲಿ ಎರಡೇ ಮಾರ್ಕು ಕಡಿಮೆ. ಅವನು ಸಿಟ್ಟಾಗಲಿಲ್ಲ, ಆಗಿದ್ದರೆ ಚೆನ್ನಾಗಿತ್ತು, ಹಂಗಾರ ಹತ್ತರಗಿಯವರಿಗೆ ಹೂಂ ಅಂತೇನ್ರಿ ಅಂದ ಅಷ್ಟೇ, ಪಾಸಾದರೆ ಧಾರವಾಡಕ್ಕೆ, ಮಾಸ್ತರಿಕೆ ಕಲಿಯಲು, ಇಲ್ಲದಿದ್ದರೆ ಹತ್ತರಗಿಯ ಆ ವರ, ಮೊದಲ ಹೆಂಡತಿ ತೀರಿ ವರ್ಷವಾಗಿಲ್ಲ, ಎರಡು ಕೂಸು ಇವೆಯಂತೆ, ಉದ್ದವ್ವನಿಗೆ ಹದಿನಾಲ್ಕು. ಎರಡು ಮಾರ್ಕು, ಆ ಲೆಕ್ಕಕ್ಕೆ ನಾಲ್ಕಿದ್ದವು, ಮೂವತ್ತಾರನ್ನು ಎಂಟು ವಜಾ ಎಂಟರಿಂದ ಭಾಗಿಸಿರಿ, ಉತ್ತರ ಬರದಿದ್ದರೆ ಕಾರಣ ಬರೆಯಿರಿ, ಎಂಟರಲ್ಲಿ ಎಂಟು ಹೋದರೆ ಸೊನ್ನೆ, ಗೋಕಾಕದಲ್ಲಿ ಪರೀಕ್ಷೆ ಮುಗಿಸಿ ಹೊರಬಂದ ಹುಡುಗರು ಸೊನ್ನಿ ಸೊನ್ನಿ ಎಂದು ಕುಣಿಯುತ್ತಿದ್ದರು, ನಾನು ಪ್ರಶ್ನೆಪತ್ರಿಕೆ ಮಡಚಿ ಜೇಬಿಗಿಟ್ಟೆ, ಅವಳು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಸಂಕ್ರಾಂತಿಗೆ ಮೊದಲು ತರಗತಿಯಲ್ಲಿ ಎದ್ದು ಕೇಳಿದ್ದಳಲ್ಲ, ಹನ್ನೆರಡಕ್ಕ ಮೂರರಿಂದ ಭಾಗಿಸಿದ್ರ ನಾಕು, ನಾಕ ಮೂರ್ಲೆ ತಿರಗಿ ಹನ್ನೆರಡ ಬರತೈತಿ, ಸೊನ್ನಿಯಿಂದ ಭಾಗಿಸಿದ್ರ ಸೊನ್ನಿ ಅಂತೀರಿ, ಸೊನ್ನಿ ಸೊನ್ನಿಲೆ ಹನ್ನೆರಡ ಹ್ಯಾಂಗ ಬಂದೀತ್ರಿ ಗುರುಗಳ — ಹನ್ನೊಂದು ಹುಡುಗರು ನನ್ನ ಬಾಯಿ ನೋಡುತ್ತಿದ್ದಾರೆ, ನನಗೆ ಗೊತ್ತಿಲ್ಲ, ನನ್ನ ಗುರುಗಳು ಹೇಳಿದ್ದನ್ನೇ ಇಪ್ಪತ್ತು ವರ್ಷ ಹೇಳಿಕೊಂಡು ಬಂದವನು ನಾನು, ನಾ ಹೇಳಿದ್ದ ಬರಿ, ಕುಂದ್ರು ಅಂದೆ, ಕೂತಳು. ಆ ರವಿವಾರ ಗೋಕಾಕದ ಹೈಸ್ಕೂಲಿನ ಗಣಿತದ ಮಾಸ್ತರರನ್ನು ಕೇಳಿದ್ದೂ ಖರೆ, ಹುಡುಗಿ ಶ್ಯಾಣ್ಯಾ ಅದಾಳ ನೇಮಿನಾಥ ಮಾಸ್ತರ, ಸೊನ್ನಿಯಿಂದ ಭಾಗಾಕಾರನ ಇಲ್ಲ ಅಂದಿದ್ದರು, ಹೇಳಬೇಕಿತ್ತು, ಸೋಮವಾರವೇ ಹಲಗೆಯ ಮೇಲೆ ಬರೆಯಬೇಕಿತ್ತು, ಸೋಮವಾರ ಹೋಯಿತು, ಆಮೇಲಿನ ಸೋಮವಾರವೂ, ಪರೀಕ್ಷೆ ಬಂತು. ತಪ್ಪು ನಂದು ಕರೆಪ್ಪ ಅನ್ನುತ್ತೇನೆ, ಬಾಯಿಗಿಟ್ಟ ತಂಬಿಗೆಯೊಳಗೇ, ಅವನಿಗೆ ತಪ್ಪು ಅನ್ನುವುದಷ್ಟೇ ಕೇಳಿಸಿರಬೇಕು, ನಿಮ್ಮದೇನ ತಪ್ಪರಿ ಮಾಸ್ತರ, ನೀವು ಕಲಿಸಿದ್ರಿ, ಅಕಿ ತಲ್ಯಾಗ ಹೋಗಲಿಲ್ಲ ಅನ್ನುತ್ತಾನೆ, ನಾನು ಇನ್ನೊಮ್ಮೆ ಹೇಳಬಹುದು, ಈಗಲೂ ಹೇಳಬಹುದು, ಮಜ್ಜಿಗೆ ಮುಗಿಸಿ ತಂಬಿಗೆ ಕೆಳಗಿಡುತ್ತೇನೆ, ಏಳುತ್ತೇನೆ. ಅಂಗಳದ ತನಕ ಹಿಂದೆ ಬರುತ್ತಾಳೆ ಉದ್ದವ್ವ, ನಾನು ಓದಲು ಕೊಟ್ಟಿದ್ದ ಗಣಿತದ ಪುಸ್ತಕ ಹಿಂದಕ್ಕೆ ಕೊಡುತ್ತಾಳೆ, ಹೊಲಿಗೆ ಬಿಚ್ಚಿದ ರಟ್ಟಿಗೆ ತಾನೇ ದಾರ ಹಾಕಿದ್ದಾಳೆ, ನನ್ನ ಮುಖ ನೋಡದೆ ಹೇಳುತ್ತಾಳೆ, ಆ ಲೆಕ್ಕಕ್ಕ ಮೊದಲಿಗೆ ಉತ್ತರ ಬರೂದಿಲ್ಲ ಅಂತ ಬರದಿದ್ದೆರಿ, ಯಾಕಂತನೂ ಬರದಿದ್ದೆ, ಆಮ್ಯಾಲ ನೀವು ಹೇಳಿದ್ದ ನೆನಪಾತು, ಅದನ್ನ ಹೊಡದ ಹಾಕಿ ಸೊನ್ನಿ ಬರದೆ — ದೂರಲ್ಲ, ಒಪ್ಪಿಸುವ ದನಿ, ನೀವು ಅಂದಂತೆಯೇ ಮಾಡಿದೆ ಅನ್ನುವ ದನಿ, ಒಳಗೆ ಹೋದಳು, ನಾನು ಬೇಲಿಯ ಬಾಜೂ ನಿಂತಿದ್ದೇನೆ. ಬರೆದದ್ದನ್ನು ಗೀಚಬಾರದು, ಅಡಿಪಟ್ಟಿ ಇಟ್ಟು ಒಂದೇ ಗೆರೆ ಎಳೆಯಬೇಕು, ಅದನ್ನೂ ನಾನೇ ಕಲಿಸಿದ್ದು, ಹಾಗೇ ಎಳೆದಿರುತ್ತಾಳೆ, ನೇರವಾಗಿ, ತೆಳ್ಳಗೆ, ಕೆಳಗಿನ ಒಂದಕ್ಷರವೂ ಮುಚ್ಚದಂತೆ, ಪರೀಕ್ಷಕರು ಎಲ್ಲ ಓದಿರುತ್ತಾರೆ, ಓದಿ ಆ ಗೆರೆ ನೋಡಿರುತ್ತಾರೆ, ಹೊಡೆದುಹಾಕಿದ್ದಕ್ಕೆ ಮಾರ್ಕಿಲ್ಲ, ಪಟ್ಟಿ ಇಟ್ಟು ಎಳೆದ ಗೆರೆ, ಆ ಒಂದೇ ಗೆರೆ —